ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಕೊಟ್ಟೂರಿನಲ್ಲಿ ರೈಲು ಗೇಟಿನ ಕಡೆಯಿಂದ ಬಂದರೆ ಎಡಗೈಗೆ ಮೂರನೇ ಓಣಿಯಲ್ಲಿ ತಿಪ್ಪೇರುದ್ರಮ್ಮನ ಮನೆ. ಬೋರ್ಡು ಹಾಕಿಲ್ಲ, ಹಾಕುವ ಅಗತ್ಯವೂ ಬಂದಿಲ್ಲ. ಪಡಸಾಲೆಯಲ್ಲಿ ಎರಡು ಮಿಷನ್ನು. ಒಂದು ಜಂಪರು ಹೊಲಿಯುವುದಕ್ಕೆ, ಇನ್ನೊಂದು ಸೀರೆಯ ಅಂಚಿಗೆ ಪಿಕೋ ಹಾಕುವುದಕ್ಕೆ. ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗಳಿಗೆಲ್ಲ ದಾರ ನೇತುಹಾಕಿದೆ. ಹೊಸದಾಗಿ ಬಂದವರು ಇದೇನು ಹರಕೆಯ ದಾರವೇ ಎಂದು ಕೇಳುತ್ತಾರೆ. ಹರಕೆಯಲ್ಲ, ಅಳತೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ದಾರ. ತುದಿಯಿಂದ ಮೊದಲ ಗಂಟಿನವರೆಗೆ ಎದೆ, ಅಲ್ಲಿಂದ ಮುಂದಿನ ಗಂಟಿಗೆ ಬೆನ್ನು, ಆಮೇಲೆ ತೋಳು, ಆಮೇಲೆ ಸೊಂಟ. ದಾರದ ತಲೆಗೆ ಆ ಹೆಂಗಸು ಮೊದಲ ಸಲ ಹೊಲಿಸಿದ ಜಂಪರಿನ ಚೂರೊಂದನ್ನು ಕಟ್ಟಿರುತ್ತಾಳೆ. ಆ ಚೂರು ನೋಡಿದರೆ ಸಾಕು, ಯಾರದೆಂದು ತಿಪ್ಪೇರುದ್ರಮ್ಮನಿಗೆ ಗೊತ್ತಾಗುತ್ತದೆ.

ಆಕೆ ಓದಿದ್ದು ಎರಡನೇ ಕ್ಲಾಸು. ಟೇಪಿನ ಅಂಕಿ ಓದಲು ಬರುತ್ತದೆ, ಆದರೆ ನಂಬಿಕೆಯಿಲ್ಲ. ಇಬ್ಬರು ಹೆಂಗಸರಿಗೆ ಟೇಪು ಒಂದೇ ಮೂವತ್ತೆಂಟು ತೋರಿಸುತ್ತದೆ. ಒಬ್ಬಳದು ಬೆನ್ನಿನಲ್ಲಿರುತ್ತದೆ, ಇನ್ನೊಬ್ಬಳದು ಎದೆಯಲ್ಲಿ. ಅದನ್ನು ಟೇಪು ಹೇಳುವುದಿಲ್ಲ, ದಾರ ಹೇಳುತ್ತದೆ ಎಂಬುದು ಆಕೆಯ ವಾದ.

ಕೂಡ್ಲಿಗಿಯಿಂದ, ಹಡಗಲಿಯಿಂದ ಕೂಡ ಆಕೆಯ ಹತ್ತಿರ ಬರುವವರಿದ್ದರು. ಕೈಹೊಲಿಗೆ ಚೆಂದ ಎಂದಷ್ಟೇ ಬರುತ್ತಿರಲಿಲ್ಲ, ಮೈಗೆ ಒಪ್ಪುವುದು ಯಾವುದು ಎಂದು ಆಕೆಗೆ ತಿಳಿಯುತ್ತದೆ ಎಂದು ಬರುತ್ತಿದ್ದರು. ಕುತ್ತಿಗೆ ಗಿಡ್ಡವಿದ್ದವರಿಗೆ ಕೊರಳನ್ನು ಮುಂದೆ ಸ್ವಲ್ಪ ಚೂಪಾಗಿ ಇಳಿಸುವಳು. ತೋಳು ತುಂಬಿಕೊಂಡವರು ಪೇಟೆಯ ಹುಡುಗಿಯರನ್ನು ನೋಡಿ ಗಿಡ್ಡ ತೋಳು ಕೇಳಿದರೆ, ಮೊಣಕೈಗಿಂತ ನಾಲ್ಕು ಬೆರಳು ಮೇಲಕ್ಕೆ ತಂದು ನಿಲ್ಲಿಸುವಳು. ತೋಳಿನ ಅತಿ ದಪ್ಪ ಜಾಗದಲ್ಲಿ ಅಂಚು ಬಂದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಸೊಂಟ ಅಗಲವಿದ್ದ ಹುಡುಗಿಯ ಚೂಡಿದಾರಕ್ಕೆ ಪಕ್ಕದ ಸೀಳು ಸೊಂಟ ದಾಟಿದ ಮೇಲೆ ಶುರುವಾಗಬೇಕು. ಒಂದು ಹೆಗಲು ಇಳಿದವರಿಗೆ ಆ ಹೆಗಲಿನೊಳಗೆ ಒಂದು ಪದರ ಹೆಚ್ಚು ಇಡುವಳು, ಇಟ್ಟದ್ದನ್ನು ಅವರಿಗೂ ಹೇಳುತ್ತಿರಲಿಲ್ಲ.

ದಪ್ಪ, ತೆಳ್ಳಗೆ, ಗಿಡ್ಡ ಎಂಬ ಮಾತು ಆ ಪಡಸಾಲೆಯಲ್ಲಿ ನಡೆಯುತ್ತಿರಲಿಲ್ಲ. ಯಾರಾದರೂ ತಮ್ಮ ಮೈಯನ್ನು ತಾವೇ ಬೈದುಕೊಂಡರೆ, ಮೈಯದೇನೂ ತಪ್ಪಿಲ್ಲ, ಬಟ್ಟೆಗೆ ಬುದ್ಧಿ ಸಾಲದು ಎನ್ನುವಳು. ಹೊಲಿದದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಆಕೆಗೆ ಒಂದೇ ಪರೀಕ್ಷೆ ಇತ್ತು. ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿ, ಕನ್ನಡಿ ನೋಡದೆ ಆ ಹೆಂಗಸಿನ ಕೈ ನೋಡುತ್ತಿದ್ದಳು. ಕೈ ಮೇಲೆದ್ದು ಬಟ್ಟೆಯನ್ನು ಎಳೆದು ಸರಿಮಾಡಿಕೊಂಡರೆ ಹೊಲಿಗೆ ಕೆಟ್ಟಿದೆ ಎಂದೇ ಅರ್ಥ. ಕೈ ಸುಮ್ಮನೆ ಕೆಳಗಿದ್ದರೆ ಗೆದ್ದಂತೆ.

ಇನ್ನೊಂದು ಪದ್ಧತಿ ಇತ್ತು. ಪ್ರತಿ ಹೊಲಿಗೆಯ ಒಳಗೂ ಎರಡು ಬೆರಳು ಬಟ್ಟೆ ಬಿಡುವುದು. ಉಳಿದ ಟೈಲರುಗಳು ಒಂದು ಬೆರಳು ಬಿಟ್ಟರೆ ಹೆಚ್ಚು, ಈಕೆ ಎರಡು ಬಿಟ್ಟು, ಮೈಗೆ ಚುಚ್ಚದಂತೆ ಒಳಮುಖವಾಗಿ ಮಡಚಿ ಕೂರಿಸುತ್ತಿದ್ದಳು. ಇದಕ್ಕೊಂದು ಕಾರಣವಿತ್ತು. ಹದಿನಾರನೇ ವಯಸ್ಸಿನಲ್ಲಿ ಆಕೆ ಮರುಳಪ್ಪ ಎಂಬ ಹಳೆಯ ಟೈಲರನ ಅಂಗಡಿಯಲ್ಲಿ ಹುಕ್ಸು, ಕಾಜಾ ಕೆಲಸಕ್ಕಿದ್ದಾಗ, ಬಾಣಂತಿಯೊಬ್ಬಳು ಮದುವೆಯ ಜಂಪರು ಹಿಡಿದು ಬಂದಿದ್ದಳು. ಬಿಚ್ಚಿ ದೊಡ್ಡದು ಮಾಡಿರಿ ಎಂದಳು. ಒಳಗೆ ಒಂದು ಗೆರೆಯಷ್ಟೂ ಬಟ್ಟೆ ಉಳಿದಿರಲಿಲ್ಲ. ಮರುಳಪ್ಪ ಆಗುವುದಿಲ್ಲ ಎಂದು ವಾಪಸು ಕೊಟ್ಟ. ಆ ಹೆಂಗಸು ಅಳಲಿಲ್ಲ, ಬೈಯಲಿಲ್ಲ. ಜಂಪರನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ತಪ್ಪು ತನ್ನದೇ ಎನ್ನುವ ಹಾಗೆ ಹೋದಳು. ಅಂದಿನಿಂದ ತಿಪ್ಪೇರುದ್ರಮ್ಮ ಯಾರ ಮೈ ನಾಳೆ ಹೇಗಾದರೂ ಬಟ್ಟೆಯೊಳಗೆ ಜಾಗ ಇರಲಿ ಎಂದು ಬಿಡುತ್ತ ಬಂದಳು. ನಲವತ್ತೈದು ವರ್ಷದಲ್ಲಿ ಆಕೆ ಹೊಲಿದದ್ದು ದೊಡ್ಡದು ಮಾಡಿಸಲು ಬಂದದ್ದುಂಟು, ಕೆಟ್ಟಿತು ಎಂದು ಬಂದದ್ದಿರಲಿಲ್ಲ.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಗಂಗಾಂಬಿಕಾ ಬಂದಳು. ಆಸ್ಪತ್ರೆಯಲ್ಲಿ ಕೆಲಸ, ಹಳ್ಳಿಗಳಿಗೆ ಹೋಗಿ ಬಾಣಂತಿಯರನ್ನು, ಕೂಸುಗಳನ್ನು ನೋಡುವ ಸಿಸ್ಟರು. ವಯಸ್ಸು ನಲವತ್ತೇಳು. ಜಂಪರಿಗೆ ಎಂದು ಎಷ್ಟೋ ಸಲ ಬಂದವಳೇ, ಆಕೆಯ ದಾರವೂ ಗೋಡೆಯಲ್ಲಿತ್ತು. ಅಂದು ಮಾತ್ರ ಪ್ಲಾಸ್ಟಿಕ್ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಹವಾಮಾನದ ಮಾತು, ಸೊಸೈಟಿ ಅಕ್ಕಿಯ ಮಾತು ಆಡಿದಳು. ಚೀಲ ಬಿಚ್ಚಲಿಲ್ಲ. ಪಕ್ಕದ ಮನೆಯ ಎರ್ರೆಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಕೆ ಏಳುತ್ತಾಳೇನೋ ಎಂದು ಕಾದು, ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗಂಗಾಂಬಿಕಾ ಚೀಲ ಬಿಚ್ಚಿದಳು.

ಒಳಗಿದ್ದದ್ದು ಈಜುವ ಬಟ್ಟೆ. ಫೋನಿನಲ್ಲಿ ತರಿಸಿದ್ದು.

ವಿಷಯ ನಿಧಾನವಾಗಿ ಹೊರಗೆ ಬಂತು. ಸರ್ಕಾರಿ ನೌಕರರ ಜಿಲ್ಲಾ ಮಟ್ಟದ ಆಟದ ಕೂಟ ಹೊಸಪೇಟೆಯಲ್ಲಿತ್ತು. ನಲವತ್ತೈದು ದಾಟಿದ ಹೆಂಗಸರ ಈಜಿಗೆ ಹೆಸರು ಕೊಡುವವರೇ ಇಲ್ಲ ಎಂದು ಆಫೀಸಿನಲ್ಲಿ ಯಾರೋ ನಕ್ಕಾಗ, ಗಂಗಾಂಬಿಕಾ ತನ್ನ ಹೆಸರು ಬರೆಯಿರಿ ಎಂದುಬಿಟ್ಟಿದ್ದಳು. ಆಕೆ ಹಲವಾಗಲು ಎಂಬ ಊರಿನ ಮಗಳು, ಹೊಳೆಯ ದಡದಲ್ಲೇ ಹುಟ್ಟಿದವಳು. ಮದುವೆಗೆ ಮುಂಚೆ ಲಂಗ ಎತ್ತಿ ಕಟ್ಟಿಕೊಂಡು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದಳು. ಆಮೇಲೆ ಇಪ್ಪತ್ತಾರು ವರ್ಷ ನೀರಿಗೆ ಇಳಿದಿರಲಿಲ್ಲ. ಈಗ ಭಾನುವಾರ ಭಾನುವಾರ ಹೊಸಪೇಟೆಯ ಕೊಳಕ್ಕೆ ಹೆಂಗಸರ ಹೊತ್ತಿನಲ್ಲಿ ಹೋಗಿ ಬರುತ್ತಿದ್ದಳು. ಕೈಕಾಲು ಮರೆತಿರಲಿಲ್ಲ. ತೊಂದರೆ ಇದ್ದದ್ದು ಬಟ್ಟೆಯಲ್ಲಿ. ಅಲ್ಲಿ ಚೂಡಿದಾರ, ನೈಟಿ ಹಾಕಿಕೊಂಡು ಇಳಿಯುವಂತಿಲ್ಲ, ಈಜುವ ಬಟ್ಟೆಯೇ ಆಗಬೇಕು. ತರಿಸಿದ ಬಟ್ಟೆಗೆ ಎದೆಯಿಂದ ಹೊಟ್ಟೆಯವರೆಗೆ ಅಡ್ಡಡ್ಡ ಹೂವು, ಹೊಟ್ಟೆಯ ನಡುಮಧ್ಯಕ್ಕೆ ಒಂದು ನೆರಿಗೆಯ ಝಾಲರು. ಅದನ್ನು ತೊಟ್ಟು ಬಟ್ಟೆ ಬದಲಿಸುವ ಕೋಣೆಯಿಂದ ನೀರಿನವರೆಗೆ ಇಪ್ಪತ್ತು ಹೆಜ್ಜೆ ನಡೆಯುವುದೇ ಆಕೆಗೆ ಈಜಿಗಿಂತ ಕಷ್ಟ. ದೊಡ್ಡ ಟವೆಲು ಸುತ್ತಿಕೊಂಡು ಹೋಗುತ್ತಾಳೆ, ಎಲ್ಲರೂ ಆಚೆ ನೋಡುವಾಗ ಟವೆಲು ಬಿಟ್ಟು ಇಳಿಯುತ್ತಾಳೆ. ನೀರಿನಲ್ಲಿ ಹೆಗಲ ಪಟ್ಟಿ ಜಾರುತ್ತದೆ, ಝಾಲರು ತೇಲಿ ಎದೆಗೆ ಬರುತ್ತದೆ. ನಾಲ್ಕು ಸಲ ಕೈ ಬೀಸಿದರೆ ಒಂದು ಸಲ ಬಟ್ಟೆ ಎಳೆದುಕೊಳ್ಳಬೇಕು. ಕೂಟದ ದಿನ ಗಂಡಸರು, ಆಫೀಸರುಗಳು ಎಲ್ಲ ಇರುತ್ತಾರೆ. ಇದನ್ನು ತೊಟ್ಟು ಅವರ ಮುಂದೆ ನಡೆಯಲಾರೆ, ಬೇರೆ ಹೊಲಿದು ಕೊಟ್ಟರೆ ಹೋಗುತ್ತೇನೆ, ಇಲ್ಲದಿದ್ದರೆ ಹೆಸರು ವಾಪಸು ತೆಗೆಯುತ್ತೇನೆ ಎಂದಳು. ಕೂಟಕ್ಕೆ ಇಪ್ಪತ್ತೊಂದು ದಿನವಿತ್ತು.

ತಿಪ್ಪೇರುದ್ರಮ್ಮ ಈಜುಕೊಳ ಕಂಡವಳಲ್ಲ. ಬಟ್ಟೆಯನ್ನು ಕೈಗೆ ತೆಗೆದುಕೊಂಡು ಎಳೆದಳು, ಬಿಟ್ಟಳು, ಹೊರಳಿಸಿ ಹೊಲಿಗೆ ನೋಡಿದಳು. ಎಳೆದರೆ ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗುತ್ತಿತ್ತು. ಪಿಕೋ ಹಾಕಿದ ಹಾಗೆ ಅಂಕುಡೊಂಕಾಗಿ ಹೋಗಿತ್ತು. ಅಷ್ಟು ಗೊತ್ತಾದ ಮೇಲೆ ಆಗುತ್ತದೆ ಎಂದಳು. ಮೊಳೆಯಿಂದ ಗಂಗಾಂಬಿಕಾಳ ದಾರ ತೆಗೆದು ನೋಡಿ, ಮತ್ತೆ ಅಲ್ಲೇ ಹಾಕಿ, ಹೊಸ ದಾರ ತೆಗೆದುಕೊಂಡಳು.

"ಸಿಸ್ಟರಮ್ಮಾರ, ನೀವು ನಿಂತು ಈಜತೀರೇನ್ರಿ?"

"ಇಲ್ರಿ ತಿಪ್ಪಕ್ಕ, ಮಕ್ಕೊಂಡು."

"ಮತ್ತ ನಿಲ್ಲಿಸಿ ಅಳತಿ ತಗೊಂಡ್ರ ಏನು ಬಂತು? ಬೆಂಚಿನ ಮ್ಯಾಲೆ ಬೋರಲು ಬೀಳ್ರಿ."

ಗಂಗಾಂಬಿಕಾ ಪಡಸಾಲೆಯ ಬೆಂಚಿನ ಮೇಲೆ ಬೋರಲು ಮಲಗಿದಳು. ಕೈ ಬೀಸಿರಿ ಎಂದಾಗ ಬೀಸಿದಳು, ಕಾಲು ಬಡಿಯಿರಿ ಎಂದಾಗ ಬಡಿದಳು. ತಿಪ್ಪೇರುದ್ರಮ್ಮ ಸುತ್ತ ತಿರುಗುತ್ತ ಗಂಟು ಹಾಕಿದಳು. ಕೈ ಮುಂದೆ ಚಾಚಿದಾಗ ಕಂಕುಳಿಂದ ಸೊಂಟಕ್ಕೆ ಒಂದು, ಕೈ ಹಿಂದೆ ಬಂದಾಗ ಬೆನ್ನಿನ ಅಗಲಕ್ಕೆ ಒಂದು. ನಿಂತಾಗಿನ ದಾರಕ್ಕೂ ಮಲಗಿದಾಗಿನ ದಾರಕ್ಕೂ ನಾಲ್ಕು ಬೆರಳು ವ್ಯತ್ಯಾಸ ಬಂತು. ಎರ್ರೆಮ್ಮ ಅವರೆಕಾಯಿ ಬಿಟ್ಟು ನೋಡುತ್ತಿದ್ದಳು.

"ಲೇ ತಿಪ್ಪಿ, ಈಕಿ ಈಜತಾಳೋ, ಇಲ್ಲ ಮೈಮ್ಯಾಲೆ ದೇವ್ರು ಬಂದೈತೋ?"

ಬೆಂಚಿನ ಮೇಲಿದ್ದ ಗಂಗಾಂಬಿಕಾಳಿಗೆ ನಗು ಬಂದು ಅಳತೆ ತಪ್ಪಿತು. ಮತ್ತೊಮ್ಮೆ ಮೊದಲಿಂದ ಹಿಡಿಯಬೇಕಾಯಿತು.

ಹಿಗ್ಗುವ ಬಟ್ಟೆ ಕೊಟ್ಟೂರಿನಲ್ಲಿ ಸಿಗಲಿಲ್ಲ. ತಿಪ್ಪೇರುದ್ರಮ್ಮ ಹರಪನಹಳ್ಳಿಗೆ ಹೋದಳು, ಅಲ್ಲಿಯೂ ಬಣ್ಣ ಸರಿಬರದೆ ದಾವಣಗೆರೆಗೆ ಹೋಗಿ ತಂದಳು. ಗಂಗಾಂಬಿಕಾಳದು ಬೆನ್ನು, ಎದೆ, ಹೊಟ್ಟೆ ತುಂಬಿದ ಮೈ, ಕಾಲು ಮಾತ್ರ ಸಣ್ಣ. ಹಾಗಾಗಿ ಮೈಗೆಲ್ಲ ಕಪ್ಪುಗಟ್ಟಿದ ನೀಲಿ ಇಟ್ಟಳು. ಕಂಕುಳಿಂದ ತೊಡೆಯವರೆಗೆ ಎರಡೂ ಪಕ್ಕ ಕುಂಕುಮ ಬಣ್ಣದ ಪಟ್ಟಿ ಇಳಿಸಿದಳು. ಆ ಪಟ್ಟಿ ಸೊಂಟದ ಹತ್ತಿರ ಒಂದಿಷ್ಟು ಒಳಗೆ ಬಾಗುತ್ತಿತ್ತು, ನೋಡುವವರ ಕಣ್ಣು ಅದರ ಜೊತೆ ಇಳಿದು ಹೋಗಲಿ ಎಂದು. ಕೊರಳು ಚೂಪು, ತೋಳು ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ಕಾಲು ಮೊಣಕಾಲಿನ ಹತ್ತಿರಕ್ಕೆ. ಹೊಟ್ಟೆಯ ಮೇಲೆ ಒಳಗಿನಿಂದ ಇನ್ನೊಂದು ಪದರ ಕೊಟ್ಟು ನಾಲ್ಕೂ ಕಡೆ ಹೊಲಿದಳು, ಎರಡು ಆಪರೇಷನ್ ಆದ ಹೊಟ್ಟೆ, ಬಿಗಿಯಾಗಿ ಕೂರಲಿ ಎಂದು. ಎಲ್ಲವನ್ನೂ ಪಿಕೋ ಮಿಷನ್ನಿನಲ್ಲಿ ಹೊಲಿದು, ಹೊಲಿಗೆಗಳ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಮಡಚಿ ಕೂರಿಸಿದಳು. ಅದನ್ನು ಯೋಚನೆ ಮಾಡಿ ಬಿಡಲಿಲ್ಲ. ಕೈ ತಾನಾಗಿ ಬಿಟ್ಟಿತು.

ತೊಟ್ಟು ನೋಡಿದ ದಿನ ಎರ್ರೆಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದರು. ಗಂಗಾಂಬಿಕಾ ಅಲ್ಮಾರದ ಕನ್ನಡಿಯ ಮುಂದೆ ನಿಂತಳು. ಮುಂದೆ ನೋಡಿಕೊಂಡಳು, ಪಕ್ಕಕ್ಕೆ ತಿರುಗಿದಳು, ಕತ್ತು ಹೊರಳಿಸಿ ಬೆನ್ನು ನೋಡಿಕೊಂಡಳು. ತಿಪ್ಪೇರುದ್ರಮ್ಮ ಆಕೆಯ ಕೈ ನೋಡುತ್ತಿದ್ದಳು. ಎರಡೂ ಕೈ ಕೆಳಗೇ ಇದ್ದವು.

ಅದು ಶುಕ್ರವಾರ. ಭಾನುವಾರ ಅದನ್ನು ತೊಟ್ಟು ಕೊಳಕ್ಕೆ ಹೋಗಿದ್ದ ಗಂಗಾಂಬಿಕಾ ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಬಂದು ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟಳು. ಮೊದಲು ಹೊಲಿಗೆ ಬಿಟ್ಟಿತೇನೋ ಎಂದು ತಿಪ್ಪೇರುದ್ರಮ್ಮ ಹುಡುಕಿದಳು. ಒಂದು ಎಳೆಯೂ ಬಿಟ್ಟಿರಲಿಲ್ಲ.

"ನೀರು ಕುಡದೈತ್ರಿ ತಿಪ್ಪಕ್ಕ ಅದು," ಎಂದಳು ಗಂಗಾಂಬಿಕಾ. "ನಾ ಮ್ಯಾಲೆ ಹತ್ತಿ ನಿಂತರೂ ಹೊಟ್ಟಿಂದ ಸುರೀತಾನ ಇತ್ತು. ಒಬ್ಬಾಕಿ, ಅಕ್ಕಾರ ನಲ್ಲಿ ಬಂದ್ ಮಾಡ್ರಿ ಅಂದ್ಲು. ಎಲ್ಲಾರೂ ನಕ್ಕರು."

ಅರ್ಧ ಕೊಳ ದಾಟುವಷ್ಟರಲ್ಲಿ ಯಾರೋ ಸೊಂಟ ಹಿಡಿದು ಹಿಂದಕ್ಕೆ ಎಳೆದ ಹಾಗಾಯಿತಂತೆ. ಬಟ್ಟೆ ತೊಟ್ಟಾಗ ಚೆಂದವೇ ಇತ್ತು, ನಡೆಯುವಾಗಲೂ ಚೆಂದವೇ ಇತ್ತು, ಟವೆಲು ಬೇಕೆನಿಸಲಿಲ್ಲ. ನೀರಿಗೆ ಇಳಿದ ಮೇಲೆ ಹೀಗಾಯಿತು. ನಿಮ್ಮ ತಪ್ಪಿಲ್ಲ, ನನ್ನ ವಯಸ್ಸಿಗೆ ಇದೆಲ್ಲ ಬೇಡವಾಗಿತ್ತು, ಬುಧವಾರ ಹೆಸರು ವಾಪಸು ತೆಗೆಯುತ್ತೇನೆ ಎಂದಳು. ಹೋಗುವಾಗ ಚೀಲವನ್ನು ಅಲ್ಲೇ ಬಿಟ್ಟಳು. ತಪ್ಪು ತನ್ನದೇ ಎನ್ನುವ ಹಾಗೆ ಆಕೆ ಮೆಟ್ಟಿಲು ಇಳಿದ ರೀತಿಯನ್ನು ತಿಪ್ಪೇರುದ್ರಮ್ಮ ಹಿಂದೊಮ್ಮೆ ಎಲ್ಲಿಯೋ ಕಂಡಿದ್ದಳು.

ಆ ದಿನ ಬೇರೆ ಕೆಲಸ ಹಿಡಿಯಲಿಲ್ಲ. ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಬಟ್ಟೆಯನ್ನು ಮುಳುಗಿಸಿ, ಕಲ್ಲಿನ ಮೇಲೆ ಕೂತು ನೋಡಿದಳು. ಮೇಲೆತ್ತಿದಳು. ನೀರು ಜರ್ರನೆ ಇಳಿಯಿತು, ಆಮೇಲೂ ಇಳಿಯುತ್ತಲೇ ಇತ್ತು. ಇನ್ನೊಮ್ಮೆ ಮುಳುಗಿಸಿ ಎತ್ತಿ, ಹೊಲಿಗೆಯ ಗುಂಟ ಬೆರಳು ಆಡಿಸಿದಳು. ಮಡಚಿ ಕೂರಿಸಿದ ಎರಡೆರಡು ಬೆರಳು ಬಟ್ಟೆ ಸಣ್ಣ ಪೈಪಿನ ಹಾಗೆ ಉಬ್ಬಿ ನಿಂತಿತ್ತು. ಹೊಟ್ಟೆಯ ಮೇಲಿನ ಪದರವಂತೂ ತುಂಬಿದ ಚೀಲ. ಮೈಗೆ ಜಾಗವಿರಲಿ ಎಂದು ಬಿಟ್ಟ ಕಡೆಯಲ್ಲೆಲ್ಲ ನೀರು ಬಂದು ಕೂತಿತ್ತು.

ಎರ್ರೆಮ್ಮ ಗೋಡೆಯಾಚೆಯಿಂದ ಇಣುಕಿ, ಬಟ್ಟೆ ಒಗೆಯುವುದಕ್ಕೆ ಎಷ್ಟು ಹೊತ್ತು ಎಂದು ಕೇಳಿದಳು. ತಿಪ್ಪೇರುದ್ರಮ್ಮ ಒಳಗಿನಿಂದ ಕತ್ತರಿ ತಂದಳು. ಕತ್ತರಿಸಬೇಕು ಎಂಬುದು ಗೊತ್ತಾಗಿತ್ತು. ಕತ್ತರಿ ಹಿಡಿದರೂ ಕೈ ಏಳಲಿಲ್ಲ. ನಲವತ್ತೈದು ವರ್ಷ ಆಕೆ ನಾಳೆಯ ಮೈಗೆ ಹೊಲಿದವಳು. ಅದನ್ನು ಕತ್ತರಿಸಿದರೆ ಈ ಬಟ್ಟೆ ಇವತ್ತಿನ ಮೈಗೆ ಮಾತ್ರ. ಹೇಳದೆ ಕೇಳದೆ ಹಾಗೆ ಮಾಡುವುದು ಸರಿಯಲ್ಲ ಎನಿಸಿತು.

ಮಂಗಳವಾರ ಆಕೆಯೇ ಗಂಗಾಂಬಿಕಾಳ ಮನೆಗೆ ಹೋದಳು. ಗಿರಾಕಿಯ ಮನೆಗೆ ತಾನಾಗಿ ಹೋದದ್ದು ಅದೇ ಮೊದಲು. ಗಂಗಾಂಬಿಕಾಳ ಗಂಡ ಗವಿಸಿದ್ದೇಶ್ ಬಾಗಿಲು ತೆಗೆದು ಕುರ್ಚಿ ಹಾಕಿ, ಟೀ ಮಾಡುವ ನೆಪದಲ್ಲಿ ಒಳಗೆ ಹೋದ. ಬಟ್ಟೆಯನ್ನು ಒಳಗು ಹೊರಗು ಮಾಡಿ ಹರಡಿ, ಎಲ್ಲೆಲ್ಲಿ ನೀರು ನಿಂತಿತೆಂದು ತಿಪ್ಪೇರುದ್ರಮ್ಮ ಬೆರಳಿಟ್ಟು ತೋರಿಸಿದಳು. ತನ್ನ ಪದ್ಧತಿಯಿಂದಲೇ ಕೆಟ್ಟಿದೆ ಎಂದು ನೇರವಾಗಿ ಹೇಳಿದಳು.

"ಹೊಟ್ಟಿ ಮ್ಯಾಲಿಂದು ತೆಗದ್ರ ಹೊಟ್ಟಿ ಎಷ್ಟೈತೋ ಅಷ್ಟು ಕಾಣತೈತಿ. ಇಟ್ರ ನೀರು ಹೊತ್ಕೊಂಡು ಹೋಗಬೇಕು. ಕಾಣದಂಗೂ ಇರ್ಲಿ, ಹಗುರಾನೂ ಇರ್ಲಿ ಅಂದ್ರ ನನ್ನ ಕೈಲಿ ಆಗಂಗಿಲ್ರಿ. ಇನ್ನ ಒಳಗಿಂದು ಕತ್ತರಿಸಿದ್ರ ಮುಂದ ಬಿಚ್ಚಾಕ ಏನೂ ಉಳಿಯಂಗಿಲ್ಲ."

ಗಂಗಾಂಬಿಕಾ ಬಟ್ಟೆಯ ಹೊಟ್ಟೆಯ ಭಾಗವನ್ನು ಎತ್ತಿ ಬೆರಳುಗಳ ನಡುವೆ ಹಿಸುಕಿ ನೋಡಿದಳು. ಒಳಗೆ ಟೀ ಕುದಿದು ಉಕ್ಕಿದ ಸದ್ದಾಯಿತು.

"ಹೊಳ್ಯಾಗ ಈಜುವಾಗ ನಾ ಹೆಂಗ ಕಾಣತಿದ್ದೆ ಅಂತ ನೆನಪ ಇಲ್ಲ ನೋಡ್ರಿ," ಎಂದಳು. "ನೀರು ತಣ್ಣಗಿರತಿತ್ತು, ಅದೊಂದ ನೆನಪೈತಿ."

ಬಟ್ಟೆಯನ್ನು ಮಡಚಿ ತಿಪ್ಪೇರುದ್ರಮ್ಮನ ತೊಡೆಯ ಮೇಲಿಟ್ಟಳು.

"ತೆಗೀರಿ ತಿಪ್ಪಕ್ಕ. ಎಲ್ಲಾ ತೆಗೀರಿ. ಮುಂದಿಂದು ಮುಂದ ನೋಡ್ಕೊಂಡ್ರಾತು."

ಹೊಟ್ಟೆಯ ಪದರವನ್ನು ಬಿಚ್ಚಲು ಒಂದು ಮಧ್ಯಾಹ್ನ ಹಿಡಿಯಿತು. ಹೊಲಿಗೆಗಳ ಒಳಗಿನದನ್ನು ಪಿಕೋದ ಗೆರೆಯವರೆಗೂ ಕತ್ತರಿಸಿದಳು. ಕತ್ತರಿಸಿದ ಪಟ್ಟಿಗಳು ಮಿಷನ್ನಿನ ಕೆಳಗೆ ನೀಲಿ ಹುಳುಗಳ ಹಾಗೆ ಸುರುಳಿ ಸುತ್ತಿ ಬಿದ್ದವು. ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದಾಗ ನೀರು ಒಂದೇ ಸಲಕ್ಕೆ ಇಳಿದು ನಿಂತಿತು. ಬೇಕೆಂದು ಮತ್ತೆರಡು ಸಲ ಮುಳುಗಿಸಿ ನೋಡಿದಳು.

ಕೂಟದ ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೋದರು. ತಿಪ್ಪೇರುದ್ರಮ್ಮ ಯಾಕೆ ಬರುತ್ತಾಳೆ ಎಂದು ಗಂಗಾಂಬಿಕಾ ಕೇಳಲಿಲ್ಲ. ಕೊಳ ನೋಡಿದಾಗ ತಿಪ್ಪೇರುದ್ರಮ್ಮನಿಗೆ ಅದು ಅಷ್ಟೊಂದು ನೀಲಿಯಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲವಲ್ಲ ಎನಿಸಿತು. ಮೊದಲೇ ಗೊತ್ತಿದ್ದರೆ ಬಟ್ಟೆಗೆ ಬೇರೆ ಬಣ್ಣ ಹುಡುಕುತ್ತಿದ್ದಳೇನೋ. ಸುತ್ತ ಶಾಮಿಯಾನದ ಕೆಳಗೆ ಕುರ್ಚಿಗಳಲ್ಲಿ ಆಫೀಸರುಗಳು, ಗುಮಾಸ್ತರು, ಮಾಸ್ತರುಗಳು ಕೂತಿದ್ದರು. ಮೈಕಿನಲ್ಲಿ ಹೆಸರು ಕರೆದರು. ಆ ವಯಸ್ಸಿನ ಹೆಂಗಸರು ಮೂವರೇ.

ಗಂಗಾಂಬಿಕಾ ಕೋಣೆಯಿಂದ ಟವೆಲು ಸುತ್ತಿಕೊಂಡೇ ಹೊರಗೆ ಬಂದಳು. ಇಪ್ಪತ್ತು ಹೆಜ್ಜೆ. ಆರೇಳು ಹೆಜ್ಜೆ ಬಂದವಳು ತಿಪ್ಪೇರುದ್ರಮ್ಮ ನಿಂತಿದ್ದ ಕಡೆ ತಿರುಗಿ, ಟವೆಲು ಬಿಚ್ಚಿ ಆಕೆಯ ಕೈಗೆ ಕೊಟ್ಟು, ಉಳಿದ ದೂರವನ್ನು ಹಾಗೇ ನಡೆದಳು. ಹೊಟ್ಟೆ ಎಷ್ಟಿತ್ತೋ ಅಷ್ಟು ಕಾಣುತ್ತಿತ್ತು. ಕೆಂಪು ಪಟ್ಟಿಗಳು ತಮ್ಮ ಕೆಲಸ ತಾವು ಮಾಡುತ್ತಿದ್ದವು. ಕುರ್ಚಿಗಳ ಕಡೆಯಿಂದ ಯಾರೋ ಏನೋ ಅಂದರು, ಇನ್ನೊಬ್ಬರು ನಕ್ಕರು. ನಕ್ಕದ್ದು ಇದಕ್ಕೋ ಬೇರೆ ಯಾವುದಕ್ಕೋ ತಿಳಿಯಲಿಲ್ಲ.

ಸೀಟಿ ಊದಿದ ಮೇಲೆ ಉಳಿದವರೆಲ್ಲ ಯಾರು ಮುಂದೆ ಎಂದು ನೋಡಿದರು. ತಿಪ್ಪೇರುದ್ರಮ್ಮ ಬಟ್ಟೆ ನೋಡಿದಳು. ಬೆನ್ನಿನ ಮೇಲೆ ಬಟ್ಟೆ ಉಬ್ಬಿರಲಿಲ್ಲ. ಕೈ ಬೀಸಿದಾಗ ಕಂಕುಳು ಹಿಡಿಯಲಿಲ್ಲ. ಬೆಂಚಿನ ಮೇಲೆ ಹಾಕಿದ ಗಂಟುಗಳು ಸರಿಯಾಗಿದ್ದವು. ಗಂಗಾಂಬಿಕಾ ಒಂದು ಸಲವೂ ಬಟ್ಟೆ ಎಳೆದುಕೊಳ್ಳಲಿಲ್ಲ. ತೆಳ್ಳಗಿನ ಒಬ್ಬ ಹೈಸ್ಕೂಲು ಟೀಚರು ಮೊದಲು ಗೋಡೆ ಮುಟ್ಟಿದಳು, ಹಿಂದೆಯೇ ಗಂಗಾಂಬಿಕಾ, ಬಹಳ ಹೊತ್ತಿನ ಮೇಲೆ ಮೂರನೆಯವಳು.

ಗಂಗಾಂಬಿಕಾ ಮೆಟ್ಟಿಲು ಹತ್ತಿ ಬಂದಳು. ನೀರು ಒಮ್ಮೆ ಜರ್ರನೆ ಇಳಿದು ನಿಂತಿತು. ಕಾಗದ ಹಿಡಿದಿದ್ದ ಗುಮಾಸ್ತ ಆಕೆಯ ಹೆಸರನ್ನು ತಪ್ಪಾಗಿ ಬರೆದುಕೊಂಡಿದ್ದನೆಂದು ಕಾಣುತ್ತದೆ, ಆಕೆ ಅವನ ಪಕ್ಕ ನಿಂತು ಸರಿಯಾಗಿ ಹೇಳಿ ಬರೆಸುತ್ತಿದ್ದಳು. ಮೂಲೆಯಲ್ಲಿ ನಿಂತಿದ್ದ ಟೀಚರೂ ಬಂದಳು. ಮೂವರೂ ಕಾಗದದ ಮೇಲೆ ಬಗ್ಗಿ ಏನೋ ಮಾತಾಡತೊಡಗಿದರು. ಎಲ್ಲರೂ ನೋಡುವ ಹಾಗೆ ಬಿಸಿಲಿನಲ್ಲಿ ನಿಂತಿದ್ದ ಗಂಗಾಂಬಿಕಾಳ ಎರಡೂ ಕೈ ಕೆಳಗೆ ಇಳಿಬಿದ್ದಿದ್ದವು.

ತಿಪ್ಪೇರುದ್ರಮ್ಮ ಟವೆಲು ಹಿಡಿದು ಒಂದು ಹೆಜ್ಜೆ ಮುಂದೆ ಹೋದವಳು ನಿಂತಳು. ಟವೆಲನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲದಲ್ಲಿಟ್ಟುಕೊಂಡು, ನೆರಳಿದ್ದ ಕುರ್ಚಿಯೊಂದರಲ್ಲಿ ಕೂತಳು. ಗಂಗಾಂಬಿಕಾ ಕೇಳಿದಾಗ ಕೊಟ್ಟರಾಯಿತು.